ಯಾರ ತಾತನ ಹಣೆಗೆ ಕುಂಕುಮ?

“ನಮ್ಮ ತಾತಂಗೆ ನೀವ್ಯಾಕ್ರೀ ಕುಂಕುಮ ಇಟ್ಟಿದೀರಾ?”

ನನ್ನ ಮಗಳನ್ನು ನೋಡಲು ತ್ಯಾಗರಾಜನಗರದ ನಮ್ಮ ಮನೆಗೆ ಬಂದಿದ್ದ ಹುಡುಗನ ತಂದೆ, ಕೇಸರಿಬಾತಿನ ತಟ್ಟೆ ಹಿಡಿದುಕೊಂಡೇ ಗೋಡೆಯ ಮಿಲಿಟರಿ ಗುಂಪು ಫೋಟೊ ಮುಂದೆ ನಿಂತುಬಿಟ್ಟರು. ಅದೇ ಫೋಟೊ ಅವರ ಮನೆಯಲ್ಲೂ ಇದೆಯಂತೆ. ನಡುವಿನ ಕುರ್ಚಿಯಲ್ಲಿ ಕೂತ ಗಿರಿಜಾ ಮೀಸೆಯವರಿಗೆ ಅವರೂ ಹಬ್ಬಹಬ್ಬಕ್ಕೆ ಕುಂಕುಮ ಇಡುತ್ತಾರಂತೆ. ಅವರು ನಮ್ಮ ತಾತ ಎಂದು ನಾನೂ ಪಟ್ಟು ಹಿಡಿದೆ. ಸಂಬಂಧ ಅಲ್ಲೇ ಮುರಿದುಬೀಳುವಂತಿತ್ತು.

ಸೇನೆಯಿಂದ ನಿವೃತ್ತನಾದ ನನ್ನ ಭಾವಮೈದ ಭೂತಗನ್ನಡಿ ಹಿಡಿದು ನೋಡಿದ. “ಭುಜದ ಮೇಲೆ ಸ್ಟಾರ್ ಇದೆ, ಇವರು ಆಫೀಸರ್ರು. ನಿಮ್ಮ ತಾತಂದಿರು ಏನಾಗಿದ್ರು?”

ಇಬ್ಬರೂ ನೆಲ ನೋಡುತ್ತಾ “ಸಿಪಾಯಿ” ಎಂದೆವು.

“ಹಾಗಾದ್ರೆ ಹಿಂದಿನ ಸಾಲಲ್ಲಿ ಹುಡುಕಿ, ತೋಳಲ್ಲಿ ಪಟ್ಟಿ ಇಲ್ದೋರು.”

ಅಲ್ಲಿ ಪಟ್ಟಿಯಿಲ್ಲದವರು ಸಾಲಾಗಿ ನಿಂತಿದ್ದರು. ಅವರಲ್ಲಿ ತಾತನ ಮುಖ ಯಾವುದೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಮದುವೆ ನಿಶ್ಚಯವಾಯಿತು. ಜಾತಕಕ್ಕಿಂತ ಎರಡು ಮನೆಗಳ ಜಂಬವೇ ಚೆನ್ನಾಗಿ ಕೂಡಿಬಂದಿತ್ತು. ಈಗ ಹಬ್ಬದ ದಿನ ಹಿಂದಿನ ಸಾಲಿನ ಎಲ್ಲರ ಹಣೆಗೂ ಕುಂಕುಮ ಇಡುತ್ತೇವೆ, ನಮ್ಮ ತಾತ ಅವರಲ್ಲಿ ಇದ್ದೇ ಇರುತ್ತಾರೆ. ಆಫೀಸರಿಗೂ ತಪ್ಪಿಸಿಲ್ಲ, ಮನೆಗೆ ಬಂದವರಿಗೆ ತೋರಿಸಲು ಯಾರಾದರೂ ಬೇಕಲ್ಲ!