ಕಿಲೋಮೀಟರ್ ಕಲ್ಲಿಗೆ ಒಗ್ಗಿದ ಬೆರಳು

ಅಳಿಯನ ಕೈಯಲ್ಲಿ ಆ ವಾಚು ನೋಡಿದ ಕೂಡಲೇ ನನ್ನ ಬಾಯಿಂದ ಬಂದ ಮೊದಲ ಮಾತು, ‘ಇದು ನಿಂತೈತಲ್ರೀ!’ ದೊಡ್ಡ ಕೆಂಪು ಸೆಕೆಂಡ್ ಮುಳ್ಳು ಹನ್ನೆರಡರ ಮೇಲೆ ಕದಲದೆ ಕೂತಿತ್ತು.

ಅಳಿಯ ನಕ್ಕ. ‘ನಿಂತಿಲ್ರೀ ಮಾವಾರ, ಗುಂಡಿ ಒತ್ತಿದ್ರಷ್ಟ ಓಡ್ತೈತಿ. ಕಾರ್ ರೇಸಿನವರು ಕಟ್ಗೊಳ್ಳೋ ವಾಚಿದು.’

ಅವನು ಸಿಂಧನೂರಿನಲ್ಲಿ ಭತ್ತ ಕೊಯ್ಯುವ ಮಷಿನ್ ಬಾಡಿಗೆಗೆ ಬಿಡುವವನು. ಅವನಿಗೂ ಕಾರ್ ರೇಸಿಗೂ ಏನು ಸಂಬಂಧವೋ ನನಗೆ ತಿಳಿಯಲಿಲ್ಲ, ಅವನಿಗೂ ತಿಳಿದಂತೆ ಕಾಣಲಿಲ್ಲ. ಬೆಲೆ ಕೇಳಿದೆ. ಒಳಗಿನಿಂದ ಮಗಳು, ‘ಕೇಳಬ್ಯಾಡಪ್ಪ, ಎದಿ ಒಡೀತೈತಿ’ ಅಂದಳು.

ನಾನು ಮಸ್ಕಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಿ.ಟಿ. ಮಾಸ್ತರನಾಗಿದ್ದವನು. ಕೊರಳಲ್ಲಿ ಒಂದು ಸ್ಟಾಪ್‌ವಾಚು ನೇತಾಡುತ್ತಿತ್ತು, ಅದಕ್ಕಿದ್ದದ್ದು ಒಂದೇ ಗುಂಡಿ. ಇದರಲ್ಲಿ ನೋಡಿದರೆ ಗಡಿಯಾರದೊಳಗೆ ಮತ್ತೆ ಮೂರು ಪುಟ್ಟ ಗಡಿಯಾರ, ಅಂಚಿನ ಸುತ್ತ ಯಾವುದೋ ಅಂಕಿಗಳು, ಪಕ್ಕದಲ್ಲಿ ಎರಡು ಗುಂಡಿ. ಗಂಟೆ ಎಷ್ಟು ಎಂದು ಹುಡುಕುವುದಕ್ಕೇ ಒಂದು ಗಳಿಗೆ ಬೇಕಾಯಿತು. ಆದರೂ ಕಣ್ಣು ಕೀಳಲು ಮನಸ್ಸಾಗಲಿಲ್ಲ. ಅರವತ್ತೆರಡನೇ ವಯಸ್ಸಿನಲ್ಲಿ ನನಗೆ ಒಂದು ವಾಚಿನ ಮೇಲೆ ಆಸೆಯಾಯಿತು. ಸುತ್ತಿ ಬಳಸಿ ಹೇಳುವುದೇಕೆ? ಯಾತಕ್ಕೆ ಆಯಿತೋ ಏನೋ. ಅಳಿಯ ಒತ್ತಿ ತೋರಿಸಿದ ಗುಂಡಿಯ ಆ ಚಟಕ್ ಎನ್ನುವ ಸದ್ದಿಗೋ, ಕೆಂಪು ಮುಳ್ಳು ಒಂದೇ ನೆಗೆತಕ್ಕೆ ಸೊನ್ನೆಗೆ ಮರಳುವ ಚೆಂದಕ್ಕೋ.

ಅಳಿಯ ಬಿಚ್ಚಿ ಮುಂದೆ ಹಿಡಿದ. ‘ನಾಕ ದಿನ ಕಟ್ಗೊಂಡ ಅಡ್ಡಾಡ್ರಿ.’ ಬ್ಯಾಡ ಅಂದೆ, ಅನ್ನುತ್ತಲೇ ಕೈ ಚಾಚಿದೆ.

ಅಂಚಿನ ಅಂಕಿಗಳು ವೇಗ ಅಳೆಯಲು ಎಂದು ಅವನೇ ಹೇಳಿಕೊಟ್ಟಿದ್ದ. ರಸ್ತೆಯ ಒಂದು ಕಿಲೋಮೀಟರ್ ಕಲ್ಲು ದಾಟುವಾಗ ಒತ್ತಬೇಕು, ಮುಂದಿನ ಕಲ್ಲಿಗೆ ಮತ್ತೆ ಒತ್ತಬೇಕು. ಮುಳ್ಳು ನಿಂತ ಕಡೆಯ ಅಂಕಿಯೇ ವೇಗ. ಮಸ್ಕಿಗೆ ಮರಳುವ ಬಸ್ಸಿನಲ್ಲಿ ಡ್ರೈವರನ ಹಿಂದೆಯೇ ಕೂತೆ. ಮುಳ್ಳು ಅರವತ್ತೈದರ ಹತ್ತಿರ ನಿಂತಿತು. ಕತ್ತು ಚಾಚಿ ಡ್ರೈವರನ ಮೀಟರ್ ನೋಡಿದೆ, ಅಲ್ಲೂ ಅಷ್ಟೇ! ನಾನೇ ಬಸ್ಸು ಓಡಿಸಿದಷ್ಟು ಖುಷಿಯಾಯಿತು.

ಮುಂದಿನ ಎರಡು ದಿನ ಕೆಲಸವಿಲ್ಲದೆ ಲಿಂಗಸುಗೂರಿಗೆ ಹೋಗಿ ಬಂದೆ.

‘ಲಿಂಗಸುಗೂರಾಗ ಏನೈತಿ ಅಂತೀನಿ?’ ಎಂದಳು ಹೆಂಡತಿ.

‘ಕೆಲಸ ಐತಿ.’

‘ಮಂಗ್ಯಾನ ಕೈಯಾಗ ಮಾಣಿಕ್ಯ ಕೊಟ್ಟಂಗಾತು,’ ಎಂದು ರೊಟ್ಟಿ ತಟ್ಟಲು ಕೂತಳು. ನನ್ನ ಬೆರಳಿಗೆ ಅಷ್ಟರಲ್ಲಿ ಪಾಠ ಬಾಯಿಪಾಠವಾಗಿತ್ತು. ಕಲ್ಲು ಬಂತೋ, ಮೇಲಿನ ಗುಂಡಿ ಒತ್ತಿ ನಿಲ್ಲಿಸು, ಕೆಳಗಿನದನ್ನು ಒತ್ತಿ ಸೊನ್ನೆಗೆ ತಾ, ಮತ್ತೆ ಮೇಲಿನದು.

ಕಾರಹುಣ್ಣಿಮೆಯ ಮರುದಿನ ಬಳಗಾನೂರಿನ ಹೊರಗೆ ಎತ್ತುಗಳು ಭಾರದ ಕಲ್ಲು ಎಳೆಯುವ ಪಂದ್ಯ. ಒಂದೊಂದು ಜೋಡಿಗೆ ಹದಿನೈದು ನಿಮಿಷ. ಅಷ್ಟರಲ್ಲಿ ಯಾರ ಎತ್ತು ಹೆಚ್ಚು ದೂರ ಎಳೆದವೋ ಅವರದು ಗೆಲುವು. ವರ್ಷಾನುಗಟ್ಟಲೆಯಿಂದ ಟೈಮು ಹಿಡಿದು ಸೀಟಿ ಊದುವವನು ನಾನೇ. ಹಳೆಯ ಸ್ಟಾಪ್‌ವಾಚನ್ನು ಮನೆಯಲ್ಲೇ ಬಿಟ್ಟು ಇದನ್ನು ಕಟ್ಟಿಕೊಂಡು ಹೋದೆ. ತೋರಿಸಿಕೊಳ್ಳಲಿಕ್ಕೇ ಹೋದೆ. ‘ಏನ್ರೀ ಮಾಸ್ತರ, ವಿಮಾನದ ಮೀಟರ್ ಕಿತ್ಗೊಂಡ ಬಂದೀರೇನು?’ ಎಂದು ಯಾರೋ ಅಂದಾಗ ಉಬ್ಬಿಹೋದೆ.

ಕೊನೆಯ ಜೋಡಿ ಲಿಂಗಸುಗೂರು ಕಡೆಯ ಸಾಹೇಬರದು. ನನ್ನ ವಾರಿಗೆಯವರು, ಹಳೆಯ ಗೆಳೆಯರು. ಅವರ ಎತ್ತುಗಳು ಮೂರು ಸಲ ಎರಡನೇ ಸ್ಥಾನಕ್ಕೆ ಬಂದಿದ್ದವು, ಮೊದಲನೆಯದು ಒಮ್ಮೆಯೂ ದಕ್ಕಿರಲಿಲ್ಲ. ‘ವಯಸ್ಸಾತು ಮಾಸ್ತರ, ಇನ್ನ ಮುಂದ ಇವಕ್ಕ ಕಲ್ಲು ಕಟ್ಟಂಗಿಲ್ಲ. ಈ ಒಂದ ಸಲ ಫಸ್ಟ್ ಬಂದ್ರ ಸಾಕು,’ ಎಂದು ಬೆಳಿಗ್ಗೆಯೇ ಹೇಳಿದ್ದರು.

ಸೀಟಿ ಊದಿ ಗುಂಡಿ ಒತ್ತಿದೆ. ಕಲ್ಲು ನೆಲ ಉಜ್ಜುತ್ತ ಹೊರಟಿತು. ಐದು ನಿಮಿಷ ಎಂದು ಮೈಕಿನಲ್ಲಿ ಕೂಗಿದೆ, ಹತ್ತು ಎಂದೂ ಕೂಗಿದೆ. ಎತ್ತುಗಳು ಹೊರಳಿ ಬರಬೇಕಾದ ತುದಿಯ ಬಾವುಟ ತಲುಪಿದ್ದೇ ತಡ, ನನ್ನ ಬೆರಳು ತನ್ನಷ್ಟಕ್ಕೆ ಕೆಲಸ ಮಾಡಿತು. ಮೇಲೆ, ಕೆಳಗೆ, ಮೇಲೆ. ನೋಡುವಷ್ಟರಲ್ಲಿ ಕೆಂಪು ಮುಳ್ಳು ಸೊನ್ನೆಗೆ ಹಾರಿ ಹೊಸದಾಗಿ ಓಡುತ್ತಿತ್ತು. ನಿಮಿಷ ಎಣಿಸುವ ಪುಟ್ಟ ಮುಳ್ಳೂ ಸೊನ್ನೆಯಲ್ಲಿತ್ತು.

ಹತ್ತು ಎಂದು ಕೂಗಿ ಎಷ್ಟಾಗಿತ್ತು? ಒಂದು ನಿಮಿಷವೋ, ಎರಡೋ? ಶುರುವಾದಾಗ ಗಂಟೆ ಎಷ್ಟಿತ್ತು? ಅದನ್ನು ನೋಡಿಯೇ ಇರಲಿಲ್ಲ. ಅಷ್ಟು ಜನರಲ್ಲಿ ಯಾರಾದರೂ ಮೊಬೈಲಿನಲ್ಲಿ ಟೈಮು ನೋಡಿಕೊಂಡಿರುತ್ತಿದ್ದರು, ಕೇಳಬಹುದಿತ್ತು. ಬಾಯಿ ಬರಲಿಲ್ಲ. ಆ ಬಿಸಿಲಿನಲ್ಲಿ ನಿಂತು ಅಂದಾಜಿನ ಮೇಲೆ ಸೀಟಿ ಊದಿಬಿಟ್ಟೆ.

ಟೇಪು ಹಿಡಿದು ಅಳೆದರು. ಅಲ್ಲಿಯವರೆಗೆ ಮುಂದಿದ್ದ ತುರ್ವಿಹಾಳದವರ ಜೋಡಿಗಿಂತ ಒಂಬತ್ತು ಅಡಿ ಕಡಿಮೆ. ಸಾಹೇಬರು ಎತ್ತುಗಳ ಕೊರಳು ಸವರುತ್ತ, ‘ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ನೋಡ್ರಿ,’ ಎಂದು ನಕ್ಕರು.

ಮಾರನೆಯ ದಿನವೇ ವಾಚನ್ನು ಸಿಂಧನೂರಿಗೆ ಮುಟ್ಟಿಸಿದೆ. ತಲೆಯೊಳಗಿನ ಗೊಂದಲ ಮಾತ್ರ ಮುಗಿಯಲಿಲ್ಲ. ನಾನು ಸರಿಯಾಗಿ ಹದಿನೈದಕ್ಕೇ ಊದಿರಬಹುದಲ್ಲ? ಒಂದಿಷ್ಟು ಹೆಚ್ಚೇ ಕೊಟ್ಟಿರಬಹುದಲ್ಲ? ಒಮ್ಮೆ ಹಾಗೆ ಅನ್ನಿಸುತ್ತಿತ್ತು, ಒಮ್ಮೆ ಹೀಗೆ.

ವಾರದ ಮೇಲೆ ಸಾಹೇಬರು ಮಸ್ಕಿಯ ನಮ್ಮ ಮನೆಗೆ ಬಂದರು. ಅವರ ಮೊಮ್ಮಗಳು ಮೊದಲ ಸೀಟಿಯಿಂದ ಕೊನೆಯ ಸೀಟಿಯವರೆಗೆ ಪೂರ್ತಿ ವಿಡಿಯೋ ಮಾಡಿದ್ದಳಂತೆ. ಎತ್ತುಗಳ ನಡಿಗೆ ನನಗೆ ತೋರಿಸಬೇಕೆಂದೇ ಬಂದಿದ್ದರು. ಇಬ್ಬರೂ ಕಟ್ಟೆಯ ಮೇಲೆ ಕೂತು, ಚಹಾ ಆರಿಹೋಗುವವರೆಗೆ ನೋಡಿದೆವು. ಮುಗಿದಾಗ ಕೆಳಗೆ ವಿಡಿಯೋದ ಉದ್ದ ಕಾಣುತ್ತಿತ್ತು. ಹದಿನಾಲ್ಕು ನಿಮಿಷ, ಹತ್ತು ಸೆಕೆಂಡು.

ನನ್ನ ಕಣ್ಣು ಅಲ್ಲಿರುವುದನ್ನು ಅವರೂ ಕಂಡರು. ‘ನಾನೂ ನೋಡೀನ್ರೀ ಅದನ್ನ. ಮೊಬೈಲ್ ಖರಾಬ್ ಆಗೇತಿ. ನಿಮ್ಮ ಕೈಯಾಗ ಟೈಮು ತಪ್ಪಂಗಿಲ್ಲ ಬಿಡ್ರಿ.’

ಹೌದು ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ‘ಮೊಬೈಲ್ ಸರಿ ಐತ್ರಿ ಸಾಹೇಬ್ರ, ತಪ್ಪಿದ್ದು ನಾನು,’ ಎಂದು ವಾಚು, ಬಸ್ಸು, ಬೆರಳು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೆರಳಿನಿಂದ ವಿಡಿಯೋವನ್ನು ಕೊನೆಗೆ ಎಳೆದು ಆ ತುಣುಕನ್ನಷ್ಟೇ ಮತ್ತೆ ಹಚ್ಚಿದರು. ಸೀಟಿ ಕೇಳಿತು. ಎತ್ತುಗಳು ಮುಂದಕ್ಕೆ ಬಾಗಿಯೇ ಇದ್ದವು, ಸರಪಳಿ ಬಿಗಿದೇ ಇತ್ತು. ಸಾಹೇಬರು ಮೊಬೈಲನ್ನು ನನ್ನ ಮುಖದ ಹತ್ತಿರ ತಂದರು.

‘ಇನ್ನೂ ಎಳ್ಯಾಕತ್ತಾವ ನೋಡ್ರಿ,’ ಅಂದರು.