ಮೂರನೇ ಕಂಬಕ್ಕೆ ಹೊಡೆದ ನೀರು

ಅಕ್ಕಿಆಲೂರಿನಾಚೆಯ ಹಳ್ಳಕ್ಕೆ ಸೇತುವೆ ಕಟ್ಟಿದ್ದು ಎಪ್ಪತ್ತೊಂದರಲ್ಲಿ. ಕಾಂಕ್ರೀಟ್ ಕಂಬಗಳಿಗೆ ಗೋಣಿತಾಟು ಸುತ್ತಿ, ಹಗಲೆಲ್ಲ ನೀರು ಹೊಡೆದು ಹಸಿಯಾಗಿಡುವ ಕೆಲಸ ಗುತ್ತೆವ್ವನದು. ಮೂರನೇ ಕಂಬದ ಅಚ್ಚಿನ ಹಲಗೆ ಬಿಚ್ಚಿದ ದಿನವೇ ಅವಳ ನಾಲ್ಕು ವರ್ಷದ ಮಗಳು ಅಡಿವೆವ್ವನಿಗೆ ಜ್ವರ ಏರಿತು. ಹಾನಗಲ್ಲಿನ ದವಾಖಾನೆಗೆ ಒಯ್ಯಬೇಕೆಂದು ರಜೆ ಕೇಳಿದಳು.

"ನೀರು ತಪ್ಪಿದ್ರ ಕಂಬ ಸೀಳ್ತೈತಿ. ನಾಳೆ ಮಂದಿ ತುಂಬಿದ ಬಸ್ಸು ಹಳ್ಳಕ್ಕ ಬಿದ್ರ ಆ ಪಾಪ ಯಾರಿಗೆ?" ಎಂದ ಮೇಸ್ತ್ರಿ.

ಅಂದುಬಿಡಲು ಅವನ ಗಂಟೇನು ಹೋಗಬೇಕಿತ್ತು? ಗುತ್ತೆವ್ವ ಹೆದರಿದಳು. ಮಗುವನ್ನು ನೆರೆಮನೆಯಲ್ಲಿ ಬಿಟ್ಟು ಎರಡು ದಿನ ನೀರು ಹೊತ್ತಳು. ಮೂರನೇ ದಿನ ದವಾಖಾನೆಯ ಬಾಗಿಲಲ್ಲೇ ಮಗು ತೀರಿಕೊಂಡಿತು.

ಆಮೇಲೆ ಅವಳ ಜೀವ ಹಿಡಿದದ್ದು ಆ ಕಂಬವೇ; ಮಗಳು ಹೋದರೂ ತನ್ನ ನೀರಿನಿಂದ ಬಸ್ಸಿನ ಮಂದಿ ಉಳಿದರಲ್ಲ ಎಂದುಕೊಳ್ಳುತ್ತಿದ್ದಳು. ಬಸ್ಸು ದಾಟಿದಾಗಲೆಲ್ಲ ಕೆಳಗೆ ನಿಂತು ಕಂಬಕ್ಕೆ ಕಿವಿ ಹಚ್ಚುತ್ತಿದ್ದಳು. ಒಳಗೆ ಮಗಳು ಕೆಮ್ಮುತ್ತಾಳೆ ಎನ್ನುತ್ತಿದ್ದಳು. ಊರವರು ತಲೆ ಕೆಟ್ಟಿದೆ ಎಂದು ನಕ್ಕರು, ನಕ್ಕವರೇ ಅದೇ ಬಸ್ಸಿನಲ್ಲಿ ಸಂತೆಗೂ ಹೋದರು.

ಎಂಬತ್ತೊಂದರ ಒಂದು ಮಧ್ಯಾಹ್ನ ನೆಲ ನಡುಗಿತು. ಸೇತುವೆ ಉಳಿಯಿತು, ಆದರೆ ಮೂರನೇ ಕಂಬ ಬಿರುಕು ಬಿಟ್ಟಿತು. ಇಂಜಿನಿಯರ್ ಪರಮೇಶ್ವರಪ್ಪನವರು ಬಂದು ಕಂಬಗಳ ಮೇಲ್ಪದರ ಒಡೆಸಿ, ಸುತ್ತ ಹೊಸ ಸರಳು ಕಟ್ಟಿಸಿ, ಮತ್ತೆ ಕಾಂಕ್ರೀಟ್ ಹಾಕಿಸಿದರು. ಕಂಬಕ್ಕೆ ಅಂಗಿ ತೊಡಿಸ್ಯಾರ ಎಂದರು ಕೂಲಿಯವರು. ನೀರು ಹೊಡೆಯಲು ಗುತ್ತೆವ್ವ ತಾನಾಗಿಯೇ ಬಂದಳು. ಹತ್ತು ವರ್ಷದ ಹಿಂದೆ ಆ ಎರಡು ದಿನ ಮನಸ್ಸೆಲ್ಲ ಮಗಳ ಕಡೆಗಿತ್ತು, ನೀರು ಕಡಿಮೆ ಬಿತ್ತೋ ಏನೋ ಎಂಬ ಅಳುಕು ಅವಳನ್ನು ತಿನ್ನುತ್ತಿತ್ತು. ಒಂದು ದಿನ ಎಲ್ಲವನ್ನೂ ಹೇಳಿ, ಕೇಳಿಯೇಬಿಟ್ಟಳು.

"ಖರೇ ಹೇಳ್ರಿ ಸಾಹೇಬ್ರ, ನನ್ನ ನೀರು ಸಾಲದ್ದಕ್ಕ ಕಂಬ ಒಡೀತೇನ್ರಿ?"

ಪರಮೇಶ್ವರಪ್ಪನವರು ಮೆತ್ತನೆಯ ಮನುಷ್ಯ. ಮುದುಕಿಯಂತಾದ ಆ ಹೆಂಗಸಿನ ಹತ್ತಿರ ಬಂದು ನಿಂತರು.

"ಇಲ್ಲ ಯವ್ವಾ. ಒಳಗಿನ ಸರಳು ಬಿಗಿಹಿಡಿಯೋ ರಿಂಗು ದೂರ ದೂರ ಕಟ್ಟ್ಯಾರ, ಭೂಮಿ ಅಲುಗಿದಾಗ ತಡೀಲಿಲ್ಲ. ನಿಂದೇನೂ ತಪ್ಪಿಲ್ಲ. ಆ ಎರಡ ದಿನ ನೀ ಬರದಿದ್ರೂ ನಡೀತಿತ್ತು, ಬ್ಯಾರೆ ಯಾರರೆ ನಾಕ ಕೊಡ ಸುರುವಿದ್ರ ಸಾಕಿತ್ತು."

"ಯಾರರೆ?"

"ಹೂಂ, ಯಾರರೆ."

ಅವಳ ಎದೆ ಹಗುರಾಯಿತೆಂದುಕೊಂಡು ಅವರು ಮುಂದಿನ ಕಂಬಕ್ಕೆ ನಡೆದರು. ಗುತ್ತೆವ್ವ ಕೊಡ ಇಳಿಸಿ ಹಳ್ಳದ ನೀರಿನಲ್ಲೇ ಕೂತಳು. ಇಷ್ಟು ವರ್ಷ ಅಳದೆ ತಡೆದುಕೊಂಡಿದ್ದವಳು ಅಂದು ಮೊದಲ ಸಲ ಮಗಳ ಹೆಸರು ಹಿಡಿದು ಅತ್ತಳು.