ಲೋತ್ ರಾಮ್ ಮೀನುಗಳಿಗೆ ಹೆದರಿಕೆ ಕಲಿಸಿದ್ದು

ಸರ್ಕಾರಿ ಟ್ರೌಟ್ ಮೀನಿನ ಕೊಳಗಳ ಕಾವಲಿಗೆ ಬಂದಾಗ ಲೋತ್ ರಾಮನಿಗೆ ಇಪ್ಪತ್ತಾರು ವರ್ಷ. ಅವನು ಕಾಯಬೇಕಿದ್ದದ್ದು ಕಳ್ಳರನ್ನಲ್ಲ, ಹಕ್ಕಿಗಳನ್ನು. ತೀರ್ಥನ್ ನದಿಯ ಆಚೆ ದಡದಲ್ಲಿ ಕಲ್ಲು ಕಟ್ಟಿದ ಎಂಟು ಕೊಳಗಳು, ತುದಿಯಲ್ಲಿ ಅವನದೊಂದು ಕೋಣೆ. ಬೆಳಕು ಹರಿದಾಗಿನಿಂದ ಕತ್ತಲಾಗುವವರೆಗೆ ಕೊಳಗಳ ನಡುವೆ ತಿರುಗುತ್ತಿರಬೇಕು. ಬೂದುಬಕ, ನೀರುಕಾಗೆ, ಮಿಂಚುಳ್ಳಿ, ಯಾವುದು ಬಂದರೂ ತಗಡು ಬಡಿದು ಎಬ್ಬಿಸಬೇಕು. ಹಕ್ಕಿಗಳಿಗೆ ರಜೆ ಇಲ್ಲದ್ದರಿಂದ ಅವನಿಗೂ ಇರಲಿಲ್ಲ.

ಈಚೆ ದಡದಲ್ಲಿ ನನ್ನ ನೀರುಗಿರಣಿ. ಹತ್ತು ಹನ್ನೆರಡು ದಿನಕ್ಕೊಮ್ಮೆ ಅವನು ತಂತಿಗೆ ತೂಗುಬಿಟ್ಟ ತೊಟ್ಟಿಲಿನಲ್ಲಿ ಕೂತು, ಹಗ್ಗ ಜಗ್ಗಿಕೊಂಡು ನದಿ ದಾಟಿ, ಮೆಕ್ಕೆಜೋಳ ಬೀಸಿಸಿಕೊಂಡು ಹೋಗುತ್ತಿದ್ದ. ಗಿರಣಿಯಲ್ಲಿ ಕೂತವರು ಅವನನ್ನು ಬಕರಾಮ ಎಂದು ಕರೆಯುತ್ತಿದ್ದರು. ಅವನು ನಕ್ಕುಬಿಡುತ್ತಿದ್ದ. ಹಿಟ್ಟಿನ ಚೀಲ ಹೆಗಲಿಗೇರಿಸಿದ ಮೇಲೆ ಒಂದು ನಿಮಿಷವೂ ನಿಲ್ಲುತ್ತಿರಲಿಲ್ಲ.

ಮದುವೆಯೂ ಆಗಿತ್ತು. ಫೂಲ್ಮಾ ಎಂಬ ಗಟ್ಟಿ ದನಿಯ ಹುಡುಗಿ ಎರಡು ಚಳಿಗಾಲ ಆ ಕೋಣೆಯಲ್ಲಿ ಕಳೆದಳು. ಮೂರನೆಯದು ಶುರುವಾಗುವ ಮೊದಲು ತವರಿಗೆ ಹೊರಟಳು. ದಾರಿಯಲ್ಲಿ ನನ್ನ ಗಿರಣಿಯ ಕಟ್ಟೆಯ ಮೇಲೆ ಕೂತು ನೀರು ಕುಡಿದು, "ಅವನು ಕೆಟ್ಟೋನಲ್ಲ ಚಾಚಾ," ಅಂದಳು. "ದಿನವಿಡೀ ಮಾತಾಡ್ತಾನೆ, ಆದ್ರೆ ಹಕ್ಕಿಗಳ ಜೊತೆ. ಅದೂ ಬೈಗುಳ. ಮನೆಗೆ ಬರೋ ಹೊತ್ತಿಗೆ ಮಾತೆಲ್ಲ ಖರ್ಚಾಗಿರುತ್ತೆ." ಮರುವರ್ಷ ನಮ್ಮ ಕಡೆಯ ರೂಢಿಯಂತೆ ಅವಳು ಬೇರೆ ಮದುವೆಯಾಗಿ ಬೇರೆ ಮನೆ ಸೇರಿದಳು. ಯಾರೂ ಯಾರನ್ನೂ ದೂರಲಿಲ್ಲ.

ಅದಾದ ಮೇಲೆ ಅವನಿಗೆ ಉಳಿದದ್ದು ಮೀನುಗಳು. ಕುರಿಯ ಕಲೀಜ ಅರೆದು ಗೋಧಿಹಿಟ್ಟಿಗೆ ಕಲಸಿ ಉಂಡೆ ಮಾಡಿ ಹಾಕುವ ಕೆಲಸವನ್ನೂ ಅವನೇ ಕೇಳಿ ವಹಿಸಿಕೊಂಡಿದ್ದ. ಅವನು ದಂಡೆಗೆ ಬಂದು ನಿಂತು, ನೆರಳು ನೀರಿನ ಮೇಲೆ ಬಿದ್ದರೆ ಸಾಕು, ಕೊಳವೇ ಕುದಿದಂತೆ ಎಲ್ಲವೂ ಮೇಲೆ ಬರುತ್ತಿದ್ದವು. ಒಮ್ಮೆ ನನ್ನನ್ನು ಕರೆದೊಯ್ದು ತೋರಿಸಿದ. "ಮನೆಗೆ ಹೋದ್ರೆ ಬಾಗಿಲು ತೆಗೆಯೋರಿಲ್ಲ ಚಾಚಾ. ಇಲ್ಲಿ ನೋಡಿ, ಐದು ಸಾವಿರ ಬಾಯಿ ತೆಗೀತವೆ." ಹೇಳುವಾಗ ಅವನ ಮುಖ ನೋಡಬೇಕಿತ್ತು.

ಪ್ರತಿ ವರ್ಷ ಹಿಮ ಕರಗಿದ ಮೇಲೆ ಬೆರಳುದ್ದದ ಮರಿಗಳನ್ನು ತಗಡಿನ ಡಬ್ಬಗಳಲ್ಲಿ ತುಂಬಿ ಮೇಲಿನ ಹೊಳೆಗಳಿಗೆ ಬಿಟ್ಟುಬರುತ್ತಿದ್ದರು. ಆ ಕೆಲಸಕ್ಕೆ ಅವನು ಹೋಗುತ್ತಿರಲಿಲ್ಲ, ಕೊಳ ಬಿಡುವಂತಿರಲಿಲ್ಲ. ಹನ್ನೊಂದನೇ ವರ್ಷ ಡಬ್ಬ ಹೊರುವವನೊಬ್ಬನಿಗೆ ಜ್ವರ ಬಂದು ಇವನು ಹೋಗಬೇಕಾಯಿತು. ನಾಲ್ಕು ಗಂಟೆಯ ಏರುದಾರಿ. ದಾರಿಯುದ್ದಕ್ಕೂ ಡಬ್ಬದ ನೀರು ಬಿಸಿಯಾಗದಂತೆ ನೆರಳಲ್ಲಿ ಕರಗದೆ ಉಳಿದ ಹಿಮದ ತುಂಡು ಹಾಕುತ್ತ, ಉಸಿರಿಗೆ ಗಾಳಿ ಸೇರಲೆಂದು ಕೈಯಿಂದ ಕಲಕುತ್ತ ಹೋದನಂತೆ. ಒಂದೂ ಸಾಯಲಿಲ್ಲ. ಮರಿಗಳನ್ನು ಮಡುವಿಗೆ ಬಿಟ್ಟು ಉಳಿದವರು ಇಳಿದರು. ಇವನು ಅಲ್ಲೇ ಮೇಲಿದ್ದ ಅಕ್ಕ ಖಿಮಿಯ ಮನೆಯಲ್ಲಿ ರಾತ್ರಿ ಉಳಿದ.

ಬೆಳಿಗ್ಗೆ ಮಡುವಿನ ಬಳಿ ಹೋದರೆ ಒಂದು ಬೂದುಬಕ ನಿಂತಿತ್ತು. ಅದರ ನೆರಳು ನೀರಿನ ಮೇಲೆ ಉದ್ದಕ್ಕೆ ಬಿದ್ದಿತ್ತು. ಮರಿಗಳು ಓಡುತ್ತಿರಲಿಲ್ಲ. ಆ ನೆರಳಿನತ್ತಲೇ ಬಂದು ಬಾಯಿ ತೆರೆಯುತ್ತಿದ್ದವು. ಬಕ ಕತ್ತು ಬಾಗಿಸುವುದು, ಎತ್ತುವುದು, ಅಷ್ಟೇ. ಮಧ್ಯಾಹ್ನದವರೆಗೂ ಅವನು ಕಲ್ಲು ಹೊಡೆದ. ಬಕ ಎದ್ದು ಹೋಗಿ ಕೆಳಗಿನ ಬಂಡೆಯ ಮೇಲೆ ಕೂರುತ್ತಿತ್ತು, ಮತ್ತೆ ಬರುತ್ತಿತ್ತು. ಆಮೇಲೆ ಮಿಂಚುಳ್ಳಿಗಳೂ ಬಂದವು.

ಅಲ್ಲಿಂದ ನೇರ ನನ್ನ ಗಿರಣಿಗೆ ಬಂದ. ಕೈಯಲ್ಲಿ ಜೋಳವಿರಲಿಲ್ಲ. ಉಪ್ಪು ಹಾಕಿದ ಚಹಾ ಕೊಟ್ಟೆ, ಅದು ಆರಿಹೋಗುವವರೆಗೂ ಕುಡಿಯಲಿಲ್ಲ.

"ನಾನೇ ಕಲಿಸಿದ್ದು ಚಾಚಾ," ಅಂದ ಕೊನೆಗೆ. "ನೆರಳು ಬಿದ್ರೆ ಊಟ ಬಂತು ಅಂತ. ಇಷ್ಟು ವರ್ಷ ಸಾಕಿ ಸಾಕಿ ಬಕದ ಬಾಯಿಗೇ ಕಳಿಸಿದ್ದೀನಿ."

ಮೀನಿಗೇನು ಗೊತ್ತಾಗುತ್ತೆ ಬಿಡು ಎಂದೆ. ಅವನು ಎದ್ದು ತೊಟ್ಟಿಲಿನತ್ತ ಹೊರಟ.

ಮೇಲಧಿಕಾರಿ ನೇಗಿ ಸಾಹೇಬರ ಮುಂದೆ ನಿಂತು ಒಂದು ಕೊಳ ತನಗೆ ಬಿಟ್ಟುಕೊಡಿ ಎಂದು ಕೇಳಿದನಂತೆ. ಅವರು ನಕ್ಕರು, ಆದರೆ ಒಪ್ಪಿದರು. ಹೊಳೆಗೆ ಬಿಡಬೇಕಾದ ಮರಿಗಳ ಕೊಳಕ್ಕೆ ಅವನು ದೇವದಾರು ಹಲಗೆಗಳ ಮರೆ ಕಟ್ಟಿದ. ಅದರ ಹಿಂದಿನಿಂದ ಇಳಿಜಾರಾಗಿ ಇಟ್ಟ ಮರದ ಕಾಲುವೆಯೊಂದರ ಮೂಲಕ ಆಹಾರ ಜಾರಿ ಬೀಳಬೇಕು, ಹಾಕುವ ಕೈ ಮೀನಿಗೆ ಕಾಣಬಾರದು. ನೀರಿನಲ್ಲಿ ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಆನಿಸಿ ಅಡಗುವ ಸಂದು ಮಾಡಿದ. ಇನ್ನು ಉಳಿದದ್ದು ಹೆದರಿಸುವ ಕೆಲಸ. ದಿನಕ್ಕೆ ಐದಾರು ಸಲ ಬೂದು ಕಂಬಳಿ ಹೊದ್ದು ದಂಡೆಗೆ ಬಂದು ನಿಲ್ಲುವನು, ಮರಿಗಳು ಆಸೆಯಿಂದ ಮೇಲೆ ಬರುವವು, ಆಗ ಉದ್ದನೆಯ ಕೋಲಿನಿಂದ ನೀರನ್ನು ಚುಚ್ಚುವನು. ಮೊದಲ ದಿನ ಅವು ಕೋಲಿನ ಸುತ್ತಲೇ ಸುತ್ತಿದವು. ಅವನು ಇನ್ನೂ ಜೋರಾಗಿ ಚುಚ್ಚಿದ. ಆ ರಾತ್ರಿ ಊಟ ಸೇರಲಿಲ್ಲ ಎಂದು ಎಷ್ಟೋ ವರ್ಷದ ಮೇಲೆ ಹೇಳಿದ.

ಮೂರು ವಾರದ ನಂತರ ನಾನು ಹೋಗಿದ್ದೆ. ಅವನು ದಂಡೆಗೆ ಒಂದು ಹೆಜ್ಜೆ ಇಟ್ಟ. ಕೊಳ ಖಾಲಿಯಾಯಿತು. ತಳದ ಕಲ್ಲು, ಮೇಲೆ ಆಕಾಶ, ನಡುವೆ ಏನೂ ಇಲ್ಲ.

"ನೋಡಿದ್ರಾ, ಒಂದೂ ಇಲ್ಲ," ಅಂದ. ಮೆಚ್ಚಬೇಕೆಂದು ನನಗೂ ಗೊತ್ತಿತ್ತು, ಮೆಚ್ಚಿದೆ. ಅವನು ಮಾತ್ರ ಬಹಳ ಹೊತ್ತು ನೀರನ್ನೇ ನೋಡುತ್ತ ನಿಂತಿದ್ದ.

ಮುಂದಿನ ವಸಂತದಲ್ಲಿ ಆ ಮರಿಗಳನ್ನು ಅದೇ ಮಡುವಿಗೆ ಬಿಟ್ಟರು. ಖಿಮಿ ದಿನಾ ಹುಲ್ಲಿಗೆ ಹೋಗುವಾಗ ನೋಡುತ್ತಿದ್ದಳು. ಬಕ ಬಂದು ಕಾದು ಕಾದು ಎದ್ದುಹೋಗುತ್ತಿದೆ ಎಂದು ಹೇಳಿಕಳಿಸಿದಳು. ಎರಡು ವರ್ಷದ ಹೊತ್ತಿಗೆ ಮೇಲಿನ ಹಳ್ಳಿಗಳವರು ಮೊಳದುದ್ದದ ಟ್ರೌಟ್ ಗಾಳಕ್ಕೆ ಸಿಗುವ ಸುದ್ದಿ ತಂದರು. ನೇಗಿ ಸಾಹೇಬರು ಈ ಸಲ ನಗಲಿಲ್ಲ. ಹೊಳೆಗೆ ಹೋಗುವ ಎಲ್ಲ ಮರಿಗಳನ್ನೂ ಹೀಗೇ ಬೆಳೆಸು ಎಂದರು. ಒಂದೊಂದಾಗಿ ಎಂಟೂ ಕೊಳಗಳಿಗೆ ಹಲಗೆಯ ಮರೆ ಬಂತು. ಒಂದಾದರೂ ಹಳೆಯ ಹಾಗೇ ಇರಲಿ ಎಂದು ಅವನು ಕೇಳಬಹುದಿತ್ತು. ಕೇಳಲಿಲ್ಲ. ಯಾಕೋ ಎಂದರೆ, "ನನ್ನ ಸುಖಕ್ಕೆ ಅವನ್ನ ಹಾಳು ಮಾಡ್ಲಾ?" ಅಂದ.

ಹಾಗೆ ಇನ್ನೂ ಹತ್ತೊಂಬತ್ತು ವರ್ಷ. ತಾನು ಸಾಕಿದ ಮೀನನ್ನು ಹಲಗೆಯ ಬಿರುಕಿನಿಂದ ಮಾತ್ರ ನೋಡಿದ. ಗಿರಣಿಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕೂರತೊಡಗಿದ್ದ, ಅಷ್ಟೇ.

ನಿವೃತ್ತಿಯ ದಿನ ಒಂದು ಟೋಪಿ, ಒಂದು ಶಾಲು ಕೊಟ್ಟರು. ಅವನ ಜಾಗಕ್ಕೆ ಯಾರೂ ಬರಲಿಲ್ಲ, ಕೊಳಗಳ ಮೇಲೆ ಬಲೆ ಹಾಸಿದರು. ಈಗ ಅಕ್ಕನ ಮನೆಯಲ್ಲಿದ್ದಾನೆ. ಮಂಡಿನೋವಿನಿಂದ ವರ್ಷಕ್ಕೆರಡು ಸಲ ಇಳಿದುಬಂದರೆ ಹೆಚ್ಚು. ಬಂದಾಗ ಇಬ್ಬರೂ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತೇವೆ. ಸಂಜೆಯ ಬಿಸಿಲು ಗುಡ್ಡ ಹತ್ತುವ ಮೊದಲು ಎದ್ದು, "ಬರ್ತೀನಿ ಚಾಚಾ," ಎಂದು ಹೊರಡುತ್ತಾನೆ.